ತಾಯಿ ದನಿ ಕೇಳಿಸದಷ್ಟು ದೂರ

ಆಗಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಹೊಲಿಯುವ ಕೆಲಸ ಅಪ್ಪ ಅವ್ವನದು, ಆಡುವ ಕೆಲಸ ತಂಗಿ ಪಾರುವಿನದು, ಚಿಂತೆ ಮಾಡುವ ಕೆಲಸ ನನ್ನದು. ಒಂಬತ್ತು ವರ್ಷಕ್ಕೇ ನನ್ನ ಕೈ ಅದರಲ್ಲಿ ಚೆನ್ನಾಗಿ ಪಳಗಿತ್ತು. ಆ ವರ್ಷ ಯುಗಾದಿ ಮುಗಿದ ಮೇಲೆ ಪಾರುವನ್ನು ಮಡಕಶಿರಾ ಕಡೆಯ ಅತ್ತೆಯ ಊರಿಗೆ ಕಳಿಸುವುದೆಂದು ಗಟ್ಟಿಯಾದಾಗ, ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಮುಂಚೆಯೇ ಯೋಚಿಸಿಟ್ಟಿದ್ದೆ. ಬಸ್ಸೇ ಬರದಿರಬಹುದು. ಬಂದರೂ ಅಪ್ಪ ಕಲ್ಯಾಣದುರ್ಗದಲ್ಲಿ ಇಳಿದು ತಪ್ಪಿ ಅನಂತಪುರದ ಬಸ್ ಹತ್ತಿಬಿಡಬಹುದು. ಪಾರು ಯಾರದೋ ಬಿಳಿ ಪಂಚೆಯ ಮೇಲೆ ವಾಂತಿ ಮಾಡಬಹುದು. ಅತ್ತೆಯ ಊರಿನ ಬಾವಿಗೆ ಕಟ್ಟೆ ಇಲ್ಲದಿರಬಹುದು. ಮನೆಯಲ್ಲಿ ಕಚ್ಚುವ ನಾಯಿ ಇರಬಹುದು. ಜೋಳದ ರೊಟ್ಟಿ ತಿಂದು ಬೆಳೆದವಳ ಗಂಟಲಲ್ಲಿ ಅಲ್ಲಿಯ ರಾಗಿಮುದ್ದೆ ಸಿಕ್ಕಿಕೊಳ್ಳಬಹುದು. ಅವ್ವ ಬೇಕು ಅಂತ ಅತ್ತೂ ಅತ್ತೂ ಜ್ವರ ಬರಿಸಿಕೊಳ್ಳಬಹುದು.

ನಾಯಿಯೊಂದು ಇತ್ತಂತೆ. ಅದು ರಾತ್ರಿಯೆಲ್ಲ ಪಾರುವಿನ ಕಾಲ ಬಳಿಯೇ ಮಲಗುತ್ತಿತ್ತಂತೆ. ಉಳಿದ ಯಾವುದೂ ಆಗಲಿಲ್ಲ.

ಅಪ್ಪ ಡಿ. ಹಿರೇಹಾಳ್ ಕಡೆಯ ಕುರಿ ಸಾಕುವ ಮನೆಯವನು. ಅಜ್ಜ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಿಂಡನ್ನು ಹಂಚಿಕೊಂಡರು. ಅಪ್ಪ ತನ್ನ ಪಾಲಿನ ಕುರಿಗಳನ್ನು ಮಾರಿ ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟು ಹೊಲಿಯಲು ಕೂತ. ನಮ್ಮ ಓಣಿಯಲ್ಲಿ ಆಗ ಬಹುತೇಕ ಎಲ್ಲರ ಮನೆಯಲ್ಲೂ ಅದೇ ಕೆಲಸ. ಗುಡ್ಡದ ಬುಡದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಎರಡು ಮಷೀನು, ಹಿಂದಿನ ಕೋಣೆಯಲ್ಲಿ ಒಲೆ, ಹಾಸಿಗೆ, ನಾವು. ಮಷೀನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ನೀಲಿ ಬಣ್ಣ ಎಲ್ಲ ಸೇರಿದ ಒಂದು ವಾಸನೆ ಮನೆ ತುಂಬ ಇರುತ್ತಿತ್ತು. ಯುಗಾದಿ ಹತ್ತಿರ ಬಂದಾಗ ಮಾತ್ರ ಓಣಿಯ ಬೇವಿನ ಮರ ಹೂಬಿಟ್ಟು ಸಂಜೆ ಹೊತ್ತು ಆ ವಾಸನೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತಿತ್ತು.

ಹೊಲಿದ ಪ್ಯಾಂಟಿನ ಉಳಿಕೆ ದಾರ ಕತ್ತರಿಸುವುದು ನನ್ನ ಪಾಲಿನ ಕೆಲಸ. ಪಾರುವಿಗೆ ಐದು ವರ್ಷ, ಕತ್ತರಿ ಮುಟ್ಟುವಂತಿರಲಿಲ್ಲ. ಆದ್ದರಿಂದ ಅವಳು ಪ್ಯಾಂಟಿನ ರಾಶಿಯೊಳಗೆ ಹೊಕ್ಕು ಅಡಗುತ್ತಿದ್ದಳು. ಒಂದು ಸಲ ಯಾವುದೋ ಹೊರದೇಶದ ಆರ್ಡರಿಗೆ ಭಾರಿ ಸೈಜಿನ ಪ್ಯಾಂಟುಗಳು ಬಂದವು. ನಾವಿಬ್ಬರೂ ಒಂದರೊಳಗೆ ಇಳಿದೆವು. ಒಂದು ಕಾಲಿನಲ್ಲಿ ನಾನು, ಇನ್ನೊಂದರಲ್ಲಿ ಅವಳು. ಸೊಂಟದ ಪಟ್ಟಿಯನ್ನು ಇಬ್ಬರ ಕಂಕುಳ ತನಕ ಎಳೆದು ಹಿಡಿದು, ತಾಳ ಹಾಕುತ್ತ ನಡೆದು ಅವ್ವನ ಮುಂದೆ ಹೋಗಿ ನಿಂತೆವು.

ಅವ್ವ ಮಷೀನು ನಿಲ್ಲಿಸಿ, ಇಷ್ಟು ದೊಡ್ಡ ಸೊಂಟದೋರು ಯಾವ ದೇಶದಾಗ ಇರ್ತಾರೋ, ಅವರ ಹೆಂಡರು ಎಷ್ಟು ರೊಟ್ಟಿ ಬಡೀಬೇಕೋ ಅಂದಳು. ಆಮೇಲೆ ದನಿ ಬದಲಿಸಿ, "ಮಾಲಿಗೆ ಮಣ್ಣು ಹತ್ತಿದ್ರ ಸಾಹುಕಾರ ಪ್ಯಾಂಟು ಬಿಟ್ಟು ನನ್ನ ಹೊಲೀತಾನ. ಇಳೀರಿ ಮೊದಲು," ಅಂದಳು. ಇಳಿಯುವಾಗ ಇಬ್ಬರೂ ಕೂಡಿ ಬಿದ್ದೆವು. ಪಾರು ನಕ್ಕೂ ನಕ್ಕೂ ಕೆಮ್ಮತೊಡಗಿದಳು. ಆ ಕೆಮ್ಮು ನಿಲ್ಲಲಿಲ್ಲ.

ಬಟ್ಟೆಯಿಂದ ಏಳುವ ನೀಲಿ ಎಳೆಯ ಧೂಳು ಅವಳ ಎದೆಗೆ ಆಗಿಬರುತ್ತಿರಲಿಲ್ಲ. ಡಾಕ್ಟರು ತೆಲುಗಿನಲ್ಲಿ "ದುಮ್ಮು, ದುಮ್ಮು" ಅಂತ ಆ ಧೂಳನ್ನೇ ಬೈದು, ಮಗುವನ್ನು ಈ ಮನೆಯಿಂದ ದೂರ ಇಡಿ ಅಂದರು. ಮಕ್ಕಳಿಲ್ಲದ ಅತ್ತೆ ನಾವು ಕೇಳಲಿ ಎಂದೇ ಕಾದಿದ್ದಳು. ಮಳೆ ಬೀಳುವ ತನಕ ಮಾತ್ರ ಎಂದು ಅವ್ವ ಒಪ್ಪಿದಳು. ವಾರಕ್ಕೊಮ್ಮೆ ಫೋನು, ತಿಂಗಳಿಗೊಮ್ಮೆ ತಾನೇ ಹೋಗಿ ಬರುವುದು ಅಂತ ಲೆಕ್ಕ ಹಾಕಿಕೊಂಡಳು.

ಫೋನೂ ಬೇಡ, ಹೋಗಿ ಬರುವುದೂ ಬೇಡ ಅಂದ ಅಪ್ಪ. ಹೊಲಿಯಲು ಕಲಿತಿದ್ದರೂ ಅವನ ಬುದ್ಧಿ ಇನ್ನೂ ಕುರಿಹಟ್ಟಿಯಲ್ಲೇ ಇತ್ತು.

"ಮರಿ ಬ್ಯಾರೆ ಹಿಂಡಿಗೆ ಕೊಟ್ಟಾಗ ತಾಯಿ ದನಿ ಅದರ ಕಿವಿಗೆ ಬೀಳಬಾರದು," ಅಂದ. "ಬಿತ್ತಂದ್ರ ಮೇವು ಮುಟ್ಟಂಗಿಲ್ಲ. ಒದರಿ ಒದರಿ ಸೊರಗ್ತೈತಿ."

"ಇದು ಮರಿ ಅಲ್ಲ, ಮಗಳು."

"ಅದಕ್ಕ ಹೇಳಾಕತ್ತೀನಿ."

ಅವನಿಗೆ ಪಾರು ಅಂದರೆ ಜೀವ. ಅವಳು ಅಳಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು. ಅವ್ವನನ್ನು ಬಸ್ ಸ್ಟ್ಯಾಂಡಿಗೂ ಬರಗೊಡಲಿಲ್ಲ. ನಾನು ಹೋದೆ. ಬಸ್ ಹೊರಟಾಗ ಅತ್ತವಳು ನಾನೇ. ಪಾರು ಕಿಟಕಿಯ ಸೀಟು ಸಿಕ್ಕ ಖುಷಿಯಲ್ಲಿ ಕೈ ಬೀಸಿದಳು.

ಆಮೇಲೆ ಅತ್ತೆಯ ಪಕ್ಕದ ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದವನು ಅಪ್ಪ ಒಬ್ಬನೇ. ಅತ್ತೆಯನ್ನಷ್ಟೇ ಕರೆಸುತ್ತಿದ್ದ, ಪಾರುವನ್ನಲ್ಲ. ಬಂದು ಬಾಗಿಲಲ್ಲೇ ನಿಂತು ವರದಿ ಕೊಡುತ್ತಿದ್ದ. ಮುದ್ದೆ ಉಣ್ಣಲು ಕಲಿತಳಂತೆ, ಕೆಮ್ಮು ಇಳಿದಿದೆಯಂತೆ, ಅಳಲಿಲ್ಲವಂತೆ. ಅವ್ವ ಹೂಂ ಅಂದು ಮತ್ತೆ ಮಷೀನು ತುಳಿಯುತ್ತಿದ್ದಳು. ನನ್ನನ್ನು ಕೇಳಿದಳಾ ಅಂತ ನಾನು ಕೇಳುತ್ತಿದ್ದೆ.

"ಕೇಳಲಿಲ್ಲ ಅಂದ್ರ ಚಲೋ ಅದಾಳ ಅಂತ ಅರ್ಥ," ಅನ್ನುತ್ತಿದ್ದ ಅಪ್ಪ. ಆ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಆಗ ಬರುತ್ತಿರಲಿಲ್ಲ.

ಮಳೆ ಬಿತ್ತು. ಅಷ್ಟರಲ್ಲಿ ಅತ್ತೆ ಅವಳನ್ನು ಶಾಲೆಗೆ ಸೇರಿಸಿದ್ದಳು. ವರ್ಷದ ನಡುವೆ ಬಿಡಿಸುವುದು ಬೇಡ, ಯುಗಾದಿಗೆ ಕರೆತಂದು ಇಲ್ಲೇ ಉಳಿಸಿಕೊಂಡರಾಯಿತು ಎಂದು ತೀರ್ಮಾನವಾಯಿತು. ಅಪ್ಪ ಅಂಗಳದಲ್ಲಿ ತಗಡು ಹೊದಿಸಿ ಮಷೀನುಗಳನ್ನು ಹೊರಗೆ ಹಾಕಿದ, ಧೂಳು ಒಳಗೆ ಬರದಂತೆ ಬಾಗಿಲಿಗೆ ಗೋಣಿಪರದೆ ಕಟ್ಟಿದ. ಅವ್ವ ಎರಡೂ ಕೋಣೆಗೆ ಸುಣ್ಣ ಬಳಿದಳು, ಅಂದಾಜಿನ ಮೇಲೆ ಒಂದು ಫ್ರಾಕು ಹೊಲಿದಳು. ನಾನು ಎಂದಿನಂತೆ ಬಸ್ಸು, ವಾಂತಿ, ಪಂಚೆ ಎಲ್ಲವನ್ನೂ ಮತ್ತೊಮ್ಮೆ ಚಿಂತಿಸಿ ಮುಗಿಸಿದೆ.

ಬೇವು ಹೂಬಿಟ್ಟಿತ್ತು. ಹಬ್ಬದ ಹಿಂದಿನ ಸಂಜೆ ಅಪ್ಪ ಪಾರುವನ್ನು ಕರೆತಂದ. ಉದ್ದವಾಗಿದ್ದಳು, ಫ್ರಾಕು ಮೊಣಕಾಲಿನ ಮೇಲೇ ನಿಂತಿತು. ಕೆಮ್ಮು ಇರಲಿಲ್ಲ. ಚಪ್ಪಲಿಯನ್ನು ಜೋಡಿಸಿ ಹೊರಗಿಟ್ಟಳು. ಅಲ್ಲಿಯ ಕನ್ನಡ ಆಡುತ್ತಿದ್ದಳು. ನಮ್ಮ "ಯಾಕ" ಕೇಳಿ ಸಣ್ಣಗೆ ನಕ್ಕಳು. ಬೆಳಿಗ್ಗೆ ತನ್ನ ಹಾಸಿಗೆಯನ್ನು ತಾನೇ ಮಡಿಸಿ ಗೋಡೆಗೆ ಇಟ್ಟಳು. ಎಣ್ಣೆ ಹಚ್ಚುವಾಗ ಅವ್ವನ ಮುಂದೆ ನೆಟ್ಟಗೆ ಕೂತಳು, ಕಣ್ಣುರಿ ಅಂತ ಒಮ್ಮೆಯೂ ಕಿರುಚಲಿಲ್ಲ. ಬೇವುಬೆಲ್ಲ ಕೊಟ್ಟರೆ ಬೇವನ್ನು ಉಗುಳದೆ ನುಂಗಿದಳು. ಪಕ್ಕದ ಮನೆಯ ಈರಮ್ಮ ನೋಡಿ, "ಭಾಳ ಶಾಣ್ಯಾ ಅದಾಳ ಬಿಡ್ರಿ ನಿಮ್ಮ ಹುಡುಗಿ. ಏನೂ ಹಟ ಇಲ್ಲ," ಅಂದಳು.

ಹಬ್ಬ ಕಳೆದ ಮೇಲೆ ಅಪ್ಪನೇ ಅವಳನ್ನು ಮತ್ತೆ ಮಡಕಶಿರಾ ಬಸ್ಸಿಗೆ ಹತ್ತಿಸಿದ. ಅತ್ತೆ ಕೇಳಿರಲಿಲ್ಲ, ಪಾರು ಹೋಗುತ್ತೇನೆ ಅಂದಿರಲಿಲ್ಲ. ಹಬ್ಬದ ರಾತ್ರಿ ಅವ್ವನೇ ಕಳಿಸು ಅಂದಿದ್ದಳು.

ಈಗ ಪಾರು ಆ ಸೀಮೆಯಲ್ಲೇ ಸಂಸಾರ ಮಾಡಿಕೊಂಡು ಚೆನ್ನಾಗಿದ್ದಾಳೆ. ನಮ್ಮಿಬ್ಬರ ನಡುವೆ ಮನಸ್ತಾಪವಿಲ್ಲ. ಹಬ್ಬಕ್ಕೆ ಫೋನು ಮಾಡುತ್ತಾಳೆ, ನನ್ನ ಬಿ.ಪಿ. ಮಾತ್ರೆಯ ವಿಚಾರ ಮರೆಯದೆ ಕೇಳುತ್ತಾಳೆ. ಅವ್ವ ತೀರಿಕೊಂಡಾಗ ಬಂದು ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟಳು. ನನ್ನ ಬೆನ್ನು ಸವರಿ ಸಮಾಧಾನ ಮಾಡಿದಳು, ತಾಯಿ ಸತ್ತವರಿಗೆ ಬಂದ ನೆಂಟರು ಮಾಡುತ್ತಾರಲ್ಲ, ಹಾಗೆ. ಅವಳಿಗೆ ಯಾವುದೂ ಕಡಿಮೆಯಾಗಿಲ್ಲ. ನನಗೆ ತಂಗಿ ಇದ್ದಾಳೆ, ಆದರೆ ಜಗಳವಾಡಲು, ಬೈಸಿಕೊಳ್ಳಲು, ನನ್ನ ತಟ್ಟೆಗೆ ಕೈ ಹಾಕಲು ಯಾರೂ ಇಲ್ಲ. ಜೀವಮಾನವೆಲ್ಲ ಚಿಂತೆ ಮಾಡಿದವಳು ನಾನು, ಇದೊಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಕೆಟ್ಟದ್ದು ಎಂದರೆ ಇಷ್ಟೇ. ಆ ಯುಗಾದಿಯ ಮಧ್ಯಾಹ್ನ ಹೋಳಿಗೆ ಉಂಡು ಎದ್ದಿದ್ದೆವು. ಒಲೆಯ ಪಕ್ಕ, ಪಾರು ನಡೆಯಲು ಕಲಿತಾಗಿನಿಂದ ಇದ್ದ ಜಾಗದಲ್ಲೇ ನೀರಿನ ಕೊಡ ಇತ್ತು, ಅದರ ಮೇಲೆ ಲೋಟ ಬೋರಲು ಹಾಕಿತ್ತು. ಪಾರು ಅದರ ಹತ್ತಿರ ಹೋಗಿ ನಿಂತಳು. ಲೋಟ ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಪಾತ್ರೆ ಎತ್ತಿಡುತ್ತಿದ್ದ ಅವ್ವ ತಿರುಗಿ ನೋಡುವ ತನಕ ಕಾದಳು.

"ನೀರ್ ಕುಡೀಲಾ?" ಅಂತ ಕೇಳಿದಳು.