ಜೇಬಿಲ್ಲದ ಸೋದರಮಾವ

ಜೇಬಿಲ್ಲದ ಅಂಗಿಯನ್ನು ಅಂಗಿ ಎಂದು ಕರೆಯಲು ನನಗೆ ಮನಸ್ಸೇ ಬರುವುದಿಲ್ಲ. ಬನಿಯನ್ನಿಗೂ ಜೇಬಿಲ್ಲ, ಒಪ್ಪಿದೆ. ಆದರೆ ಅದು ಮದುವೆಗೆ ಬಂದರೂ ಮರ್ಯಾದೆಯಾಗಿ ಒಳಗೇ ಇರುತ್ತದೆ.

ನನ್ನ ಕೋಪಕ್ಕೆ ಕಾರಣ ಅಕ್ಕನ ಮಗಳು ಸಹನಾಳ ಮದುವೆ. ಹೆಣ್ಣಿನ ಕಡೆಯ ಗಂಡಸರೆಲ್ಲ ಒಂದೇ ಬಗೆಯ ಅಂಗಿ ತೊಡಬೇಕೆಂದು ಅವಳೇ ತೀರ್ಮಾನಿಸಿದಳು. ವಾಟ್ಸಾಪ್ ಗ್ರೂಪಿನಲ್ಲಿ ವಾರಗಟ್ಟಲೆ ಚರ್ಚೆ: ಸ್ಲಿಮ್ ಫಿಟ್ಟೋ ರೆಗ್ಯುಲರ್ರೋ, ಮಡಚುವ ಕಾಲರ್ರೋ ನಿಲ್ಲುವ ಪಟ್ಟಿಯೋ. ನನ್ನ ಹೊಟ್ಟೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ವಿಜಯನಗರದ ಅಂಗಡಿಯಲ್ಲಿ, ಸಹನಾ ಆರಿಸಿದ್ದನ್ನು ತೊಟ್ಟು ಟ್ರಯಲ್ ರೂಮಿನಿಂದ ಹೊರಬಂದವನು ಎದೆಯ ಮೇಲೆ ಕೈಯಾಡಿಸಿದೆ. ಬಯಲು.

"ಇದಕ್ಕೆ ಜೇಬೇ ಇಲ್ವಲ್ಲಮ್ಮ."

"ಮಾಮ, ಫಾರ್ಮಲ್ ಅಂದ್ರೆ ಹಿಂಗೇ. ಪಾಕೆಟ್ ಇದ್ರೆ ಲುಕ್ ಹಾಳಾಗತ್ತೆ. ನೀವಂತೂ ಅದ್ರಲ್ಲಿ ತರಕಾರಿ ಒಂದು ಬಿಟ್ಟು ಎಲ್ಲಾ ತುಂಬ್ತೀರ."

ತುಂಬುತ್ತೇನೆ, ಆದರೆ ಯಾರಿಗಾಗಿ? ಮದುವೆಮನೆಯಲ್ಲಿ ಸೋದರಮಾವನ ಜೇಬು ಸಾರ್ವಜನಿಕ ಆಸ್ತಿ. ಅಕ್ಕನ ಓಲೆಯ ತಿರುಪು, ಚಿಕ್ಕಮ್ಮನ ಬಿಪಿ ಮಾತ್ರೆ, ಛತ್ರದ ರೂಮಿನ ಬೀಗದ ಕೈ, ಯಾವುದೋ ಮಗು ಅರ್ಧ ತಿಂದ ಚಾಕೊಲೇಟು, ಎಲ್ಲಕ್ಕೂ ಅಲ್ಲೇ ಜಾಗ. ಉಟ್ಟ ಪಂಚೆಗೆ ಜೇಬಿರುವುದಿಲ್ಲವಲ್ಲ. ಚಕ್ರ ಕಂಡುಹಿಡಿದವನನ್ನು ಲೋಕ ಹೊಗಳುತ್ತದೆ. ಒಂದು ತುಂಡು ಬಟ್ಟೆಯನ್ನು ಮೂರು ಕಡೆ ಹೊಲಿದು ಒಂದು ಕಡೆ ಬಿಟ್ಟ ಪುಣ್ಯಾತ್ಮನನ್ನು ಯಾರೂ ನೆನೆಯುವುದಿಲ್ಲ. ಈಗ ಅವನ ಕೆಲಸವನ್ನೇ ಕಿತ್ತುಹಾಕಿ ಅದಕ್ಕೆ ಲುಕ್ ಎಂದು ಹೆಸರಿಟ್ಟಿದ್ದಾರೆ.

ಸಹನಾಳೂ ಆ ಜೇಬಿನ ಹಳೆಯ ಗಿರಾಕಿಯೇ. ಚಿಕ್ಕಂದಿನಲ್ಲೇ ಕನ್ನಡಕ ಬಂದ ಹುಡುಗಿ. ಫೋಟೋ ಎಂದರೆ ಸಾಕು, ಕಳಚಿ ನನ್ನ ಜೇಬಿಗೆ ತುರುಕುತ್ತಿದ್ದಳು. ಹಾಗಾಗಿ ಎಲ್ಲ ಫೋಟೋಗಳಲ್ಲೂ ಕಣ್ಣು ಕಿರಿದು ಮಾಡಿಕೊಂಡು ಬೇರೆಲ್ಲೋ ನೋಡುತ್ತಿರುತ್ತಾಳೆ.

ಮದುವೆ ಕೆಂಗೇರಿಯ ಛತ್ರದಲ್ಲಿ. ಹೆಣ್ಣನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ರೂಮಿನ ಬಾಗಿಲಲ್ಲಿ ಅಲಂಕಾರ ಮಾಡಿದಾಕೆ, "ಸ್ಪೆಕ್ಸ್ ತೆಗ್ದುಬಿಡಿ ಮೇಡಂ, ಫೋಟೋಲಿ ಗ್ಲೇರ್ ಹೊಡಿಯತ್ತೆ," ಎಂದಳು. ಸಹನಾ ಕನ್ನಡಕ ತೆಗೆದು, ನೋಡದೆಯೇ ನನ್ನ ಎದೆಯತ್ತ ಕೈ ಚಾಚಿದಳು. ಕೈ ಜಾರಿತು. ಮತ್ತೊಮ್ಮೆ ತಡಕಿದಳು. ನನ್ನ ಒಂದು ಕೈಯ ತುಂಬ ಬೀಗದ ಕೈ, ಮಾತ್ರೆ, ಮೊಬೈಲು. ಇನ್ನೊಂದು ಕೈ ಅವಳನ್ನು ಹಿಡಿದು ನಡೆಸಲು ಬೇಕು. ನನಗೆ ರೇಗಿಹೋಯಿತು.

"ನೀನೇ ಆರಿಸಿದ ಅಂಗಿ ಕಣಮ್ಮ. ಕನ್ನಡಕ ಹಾಕ್ಕೊಂಡೇ ನಡಿ," ಎಂದೆ.

ಹಾಕಿಕೊಂಡಳು. ಮಂಟಪದಲ್ಲಿ ಅಂತರಪಟ ಸರಿದಾಗ, ಜೀರಿಗೆ ಬೆಲ್ಲ ಹಿಡಿದ ಕೈಯ ಹಿಂಬದಿಯಿಂದಲೇ ಕನ್ನಡಕ ಸರಿಮಾಡಿಕೊಂಡು, ಎದುರಿಗಿದ್ದ ಹುಡುಗನನ್ನು ನೆಟ್ಟಗೆ ನೋಡಿ ನಕ್ಕಳು. ಅವಳು ನೋಡಬೇಕಾದವರನ್ನೇ ನೋಡುತ್ತಿರುವ ಫೋಟೋ ಅದೊಂದೇ.

ನನ್ನ ಕಣ್ಣು ತುಂಬಿಬಂತು. ಕರ್ಚೀಫಿಗೆ ಕೈ ಹೋಯಿತು, ಅದನ್ನಿಡಲು ಜೇಬೆಲ್ಲಿತ್ತು? ಅಂಗಿಯ ತೋಳಿನಿಂದಲೇ ಒರೆಸಿಕೊಂಡೆ. ಆ ಅಂಗಿ ನನಗೆ ಉಪಯೋಗಕ್ಕೆ ಬಂದದ್ದು ಅಷ್ಟೇ.