ಬಾವಿಗೆ ಇಳಿಸಿದ ಇಂಜಿನ್

ಆ ದಿನ ನಮ್ಮ ತೋಟದಲ್ಲಿ ಎರಡು ಇಂಜಿನ್‌ಗಳು ಒಟ್ಟಿಗೆ ಓಡಿದವು. ಹಳೆಯದು ಮಾವನವರ ಕಾಲದ್ದು. ಬಾವಿಯ ದಡದ ಕಲ್ಲುಕಟ್ಟೆಯ ಮೇಲೆ ಕೂತು ನಿಧಾನವಾಗಿ ಗುದ್ದುವ, ಎರಡು ದೊಡ್ಡ ಚಕ್ರಗಳ ಸೀಮೆ ಇಂಜಿನ್. ಹೊಸದು ನಮ್ಮ ಯಜಮಾನರು ಹಾಸನದಿಂದ ತಂದದ್ದು. ರಸ್ತೆಯಿಂದ ತೋಟಕ್ಕೆ ನಾಲ್ಕು ಆಳು ಅದನ್ನು ಬಿದಿರು ಬೊಂಬಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದಿದ್ದರು. ಚನ್ನರಾಯಪಟ್ಟಣಕ್ಕೂ ಹಿರೀಸಾವೆಗೂ ನಡುವಿನ ಊರು ನಮ್ಮದು. ಆ ಬೇಸಿಗೆ ಬಾವಿಯ ನೀರು ತೀರಾ ಕೆಳಕ್ಕೆ ಹೋಗಿತ್ತು. ಹೊಸದಾಗಿ ನೆಟ್ಟ ತೆಂಗಿನ ಸಸಿಗಳು ಬಾಡುತ್ತಿದ್ದವು.

ಇಂಜಿನ್ ಗಟ್ಟಿಯೋ ಅಲ್ಲವೋ ಎಂದು ನೋಡಲು ನಮ್ಮ ಕಡೆ ಒಂದು ಪದ್ಧತಿ ಇತ್ತು. ಓಡುತ್ತಿರುವಾಗ ಎಣ್ಣೆ ಟ್ಯಾಂಕಿನ ಮೇಲೆ ತುಂಬಿದ ನೀರಿನ ಲೋಟ ಇಡುವುದು. ಮಾವನವರು ಹಳೆಯದರ ಮೇಲೆ ಇಟ್ಟರು. ನೀರು ನಡುಗಿತು, ಚೆಲ್ಲಲಿಲ್ಲ. ಹೊಸದರ ಮೇಲೆ ಇಟ್ಟ ಲೋಟ ತಾನೇ ಸರಿಯುತ್ತಾ ಅಂಚಿಗೆ ಹೋಗಿ ಕೆಳಗೆ ಬಿತ್ತು.

"ಲೋಟ ನಿಂತ್ಕಂಡ್ರೆ ಇಂಜಿನ್ನು, ಕುಣುದ್ರೆ ತಮಟೆ ಕಣ್ಲಾ!" ಎಂದು ಮಾವನವರು ಮಗನನ್ನು ಕೆಣಕಿದರು.

"ನಿನ್ನದು ಗಬ್ಬದ ಎಮ್ಮೆ ಕಣಪ್ಪಯ್ಯ, ಅಲ್ಲಾಡ್ಸಕ್ಕೆ ಊರೇ ಬರ್ಬೇಕು. ನೀರು ಕೆಳಗೋದ್ರೆ ನಂದು ಅದ್ರ ಹಿಂದೇನೇ ಇಳ್ಕಂಡೋಯ್ತದೆ. ನಿಂದು ಮ್ಯಾಲೆ ಕುಂತು ಬಾಯ್ ಬಿಡ್ತದೆ" ಎಂದರು ಇವರು.

"ಐದೊರ್ಸ ಓಡ್ಲಿ, ಆಮ್ಯಾಕೆ ಮಾತಾಡು."

ಮುದ್ದೆ ಆರುತ್ತದೆ ಬನ್ನಿ ಎಂದು ನಾನು ಕರೆದೆ. "ನಿನ್ ಇಂಜಿನ್‌ಗಿಂತ ನನ್ ಸೊಸೆ ಮುದ್ದೇನೇ ಗಟ್ಟಿ ಕಣ್ಲಾ" ಎಂದು ಮಾವನವರು ನಗುತ್ತಾ ಎದ್ದರು. ಊಟ ಮುಗಿಯುವವರೆಗೂ ಅದೇ ವಾದ ನಡೆಯಿತು. ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಇವರು ಹೇಳಿದ್ದು ಸುಳ್ಳಲ್ಲ. ನೀರು ಬಹಳ ಕೆಳಗಿದ್ದರೆ ದಡದ ಮೇಲಿನ ಪಂಪು ಅದನ್ನು ಎಳೆಯಲಾರದು. ಹಗುರ ಇಂಜಿನ್ ಇದ್ದವರು ಬಾವಿಯ ಗೋಡೆಯಲ್ಲೇ ಒಂದು ಅಟ್ಟ ಕಡಿದು, ಇಂಜಿನ್ನನ್ನು ಅಲ್ಲಿ ಕೂರಿಸುತ್ತಿದ್ದರು. ಮಾರನೆಯ ದಿನ ನಮ್ಮಲ್ಲೂ ಹಾಗೇ ಮಾಡಿದರು. ಇಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಹಗ್ಗ ಕಟ್ಟಿ ಇಳಿಸಿದರು. ಹಗ್ಗ ಹಿಡಿದವರಿಗೆ ನಾನು ಹುರಿಗಡಲೆ, ಬೆಲ್ಲ ಕೊಟ್ಟೆ. ಹೊಗೆಯ ಕೊಳವೆ ಮಾತ್ರ ಬಾವಿಯ ಅರ್ಧಕ್ಕೇ ಮುಗಿದಿತ್ತು. ಉಳಿದದ್ದನ್ನು ಚನ್ನರಾಯಪಟ್ಟಣದಿಂದ ತಂದು ಜೋಡಿಸಿದರಾಯಿತು ಎಂದು ಎಲ್ಲರೂ ಅಂದರು. ಹೊಗೆ ಮೇಲಕ್ಕೇ ತಾನೆ ಹೋಗುವುದು ಎಂದು ನಾವೆಲ್ಲ ನಂಬಿದ್ದೆವು.

ನೀರು ಬಂತು. ಸಸಿಗಳ ಪಾತಿ ತುಂಬಿತು. ಸಂಜೆಗೆ ಮುಂಚೆ ಇವರು, "ಸಾಕು, ನಿಲ್ಸ್‌ಬುಟ್ಟು ಬತ್ತೀನಿ" ಎಂದು ಬಾವಿಗೆ ಇಳಿದರು. ಇಂಜಿನ್ ನಿಲ್ಲಲಿಲ್ಲ. ಮಾವನವರು ದಡದಲ್ಲಿ ನಿಂತು ಕೂಗಿದರು. ಕೆಳಗಿನಿಂದ ಉತ್ತರ ಬರಲಿಲ್ಲ. ಇವರನ್ನು ತರಲು ಅರ್ಧ ಇಳಿದ ಇಬ್ಬರು ಆಳುಗಳು ತಲೆ ತಿರುಗಿ, ಕೆಮ್ಮುತ್ತಾ ಮೇಲೆ ಬಂದರು. ಹೊಗೆಯೆಲ್ಲ ಬಾವಿಯಲ್ಲೇ ನಿಂತಿತ್ತು. ಎಣ್ಣೆ ತೀರುವವರೆಗೆ ಇಂಜಿನ್ ಒಂದೇ ಸಮನೆ ಓಡಿತು. ಮಗನ ಹೆಸರು ಕೂಗುತ್ತಿದ್ದ ಮಾವನವರು ಆಮೇಲೆ ಇಂಜಿನ್ನನ್ನೇ ಕೂಗತೊಡಗಿದರು. "ನಿಲ್ಲೇ, ನಿಲ್ಲೇ ಮುಂಡೇದೇ" ಎಂದು. ಅದು ನಿಂತ ಮೇಲೆ, ಇಳಿಯುವಷ್ಟು ಹೊಗೆ ಕಳೆಯುವುದಕ್ಕೂ ಕಾಯಬೇಕಾಯಿತು. ಇವರನ್ನು ಮೇಲಕ್ಕೆ ತಂದಾಗ ಜೀವ ಇರಲಿಲ್ಲ.

ಮಾವನವರು ಹೊಸ ಇಂಜಿನ್ನನ್ನು ಮೇಲೆತ್ತಿಸಿದರು. ಮಾರುತ್ತಾರೆ ಅಂದುಕೊಂಡೆ, ಮಾರಲಿಲ್ಲ. ಮಳೆ ಬಂದು ನೀರು ಮೇಲೇರಿದಾಗ ಅದನ್ನೂ ಹಳೆಯದರ ಪಕ್ಕದಲ್ಲಿ ಕೂರಿಸಿದರು. ಕೆಲವು ವರ್ಷಕ್ಕೆ ಹಳೆಯದರ ಸಿಲಿಂಡರ್ ಬಿರುಕು ಬಿಟ್ಟಿತು. ಬಿಡಿಭಾಗ ಹುಡುಕಿಕೊಂಡು ಮಾವನವರು ಹಾಸನ, ಹೊಳೆನರಸೀಪುರ ಅಲೆದರು. ಎಲ್ಲೂ ಸಿಗಲಿಲ್ಲ. ಕೊನೆಗೆ ಅದು ಗುಜರಿಯ ಗಾಡಿ ಹತ್ತಿತು. ಹೊಸದಕ್ಕೆ ಒಮ್ಮೆ ಪಿಸ್ಟನ್ ರಿಂಗ್ ಹಾಕಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅರಕಲಗೂಡು ಕಡೆಯಿಂದಲೂ ಅಂಥದೇ ಇಂಜಿನ್ ಕೊಳ್ಳುವವರು ವಿಚಾರಿಸಲು ಬರುತ್ತಿದ್ದರು. "ಎಂಗೈತೆ ಸಾ, ತಗಬೌದಾ?" ಎಂದು ಕೇಳಿದರೆ ಮಾವನವರು, "ಒಳ್ಳೆ ಇಂಜಿನ್ನು. ಬಾವಿಗೆ ಮಾತ್ರ ಇಳುಸ್ಬ್ಯಾಡಿ" ಎನ್ನುತ್ತಿದ್ದರು. ಎರಡರಲ್ಲಿ ಯಾವುದು ಮೇಲು ಎಂಬ ಮಾತನ್ನು ಅವರು ಸಾಯುವವರೆಗೂ ಮತ್ತೆ ಎತ್ತಲಿಲ್ಲ.

ಆ ಸಸಿಗಳು ಈಗ ಫಸಲು ಕೊಡುತ್ತಿವೆ. ತೋಟಕ್ಕೆ ಕರೆಂಟು ಬಂದಿದೆ. ನಮ್ಮ ಯಜಮಾನರು ಆ ದಿನ ಅಂದ ಮಾತುಗಳನ್ನು ನಾನು ಇಲ್ಲಿ ಬರೆಯಬಲ್ಲೆ. ಆದರೆ ಇವರ ದನಿ ಹೇಗಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ.