ಕೆಲಸ ಸಿಗದ ಕೈಗವಸುಗಳು

ನಮ್ಮ ಬಚ್ಚಲಮನೆಯ ಬಾಗಿಲ ಹಿಂದಿನ ಮೊಳೆಗೆ ಹಳದಿ ಬಣ್ಣದ ಒಂದು ಜೊತೆ ದಪ್ಪ ರಬ್ಬರಿನ ಕೈಗವಸುಗಳು ನೇತಾಡುತ್ತಿವೆ. ಕೈ ತೊಳೆಯಲು ಹೋದ ಅತಿಥಿಗಳು ಅವನ್ನು ಕಂಡು, ಹೊರಬಂದ ಮೇಲೆ ನನ್ನ ಕೈಗಳನ್ನೊಮ್ಮೆ ನೋಡುತ್ತಾರೆ. ಅವರ ಸಂಶಯ ನ್ಯಾಯವಾದದ್ದೇ. ಸೀಮೆಸುಣ್ಣಕ್ಕಿಂತ ಭಾರವಾದುದನ್ನು ಎಂದೂ ಎತ್ತದ, ಖುರ್ಚಿಯಲ್ಲಿ ಕುಳಿತೇ ಕಾಯಕದ ಮಹಿಮೆಯನ್ನು ಮನಮುಟ್ಟುವಂತೆ ಬೋಧಿಸಿದ ನಿವೃತ್ತ ಮುಖ್ಯೋಪಾಧ್ಯಾಯನ ಹಸ್ತಕ್ಕೂ ಶ್ರಮಕ್ಕೂ ಎಲ್ಲಿಯ ನೆಂಟಸ್ತನ?

ನಾನು ಮುಖ್ಯೋಪಾಧ್ಯಾಯನಾಗಿದ್ದ, ಗುಡಗೇರಿಗೆ ಸಮೀಪದ ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ಆರನೆಯ ತರಗತಿಗೆ ಬಂದ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ಮರಳುತ್ತಿರಲಿಲ್ಲ. ಕ್ರಮೇಣ ಬೆಳಗ್ಗೆಯೂ ಬರುತ್ತಿರಲಿಲ್ಲ. ನಾನು ಸುಮ್ಮನಿದ್ದೆನೆಂದು ಭಾವಿಸಬೇಡಿ, ವರ್ಷವರ್ಷವೂ ಅರ್ಜಿ ಬರೆದೆ. ಅರ್ಜಿಗಳ ಶೈಲಿ ಸುಧಾರಿಸಿತೇ ಹೊರತು ಶಾಲೆಯ ಹಿತ್ತಿಲಲ್ಲಿ ಒಂದು ಇಟ್ಟಂಗಿಯೂ ಬೀಳಲಿಲ್ಲ. ಶಾಲೆಯ ಬಿಸಿಯೂಟದ ಅಡುಗೆಯ ಖಾತೂನಬಿಯ ಮೊಮ್ಮಗಳು ಸಲ್ಮಾ ಆರನೆಯ ತರಗತಿಗೆ ಕಾಲಿಟ್ಟ ವರ್ಷ, ಕಡಲಾಚೆಯ ಕಾಲೇಜೊಂದರಿಂದ ಎಂಟು ವಿದ್ಯಾರ್ಥಿಗಳ ಸೇವಾತಂಡ ಎರಡು ವಾರಕ್ಕೆಂದು ನಮ್ಮೂರಿಗೆ ಬಂತು. ಸೇವೆಯೇ ಪ್ರಾರ್ಥನೆಯೆಂದು ನಂಬಿದ ಮಕ್ಕಳು, ಶೌಚಾಲಯ ಕಟ್ಟಲೆಂದೇ ಬಂದವರು. ಇಂಗ್ಲಿಷ್ ಬಲ್ಲವನೆಂಬ ಅಪಖ್ಯಾತಿಯಿದ್ದ ನಾನು ದುಭಾಷಿಯಾದೆ.

ಮೊದಲ ದಿನ ತಂಡದ ಮುಂದಾಳು ಹ್ಯಾನಾ, ಇಪ್ಪತ್ತರ ಹುಡುಗಿ, ಹೊಚ್ಚ ಹೊಸ ಹಳದಿ ಕೈಗವಸು ತೊಟ್ಟು ಇಟ್ಟಂಗಿಯ ಬುಟ್ಟಿಗೆ ಕೈ ಹಾಕಿದಳು. ಗೋಡೆ ಕಟ್ಟುವ ಗೌಂಡಿ ಬಸಪ್ಪ ಓಡಿಬಂದು ಬುಟ್ಟಿ ಕಸಿದುಕೊಂಡ.

"ಮನಿಗೆ ಬಂದ ಮಗಳ ಕಡೆ ಇಟ್ಟಂಗಿ ಹೊರಸಿದ್ರ ನಾಳೆ ಬಾಜು ಊರಾವ್ರಿಗೆ ಮಾರಿ ಹೆಂಗ ತೋರಸೂದ್ರಿ ಸರ? ಆಕಿಗೆ ಚಾ ಕೊಡಸ್ರಿ."

ಮರುದಿನ ಅತಿಥಿಗಳು ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಗೋಡೆ ಸೊಂಟದೆತ್ತರ ಎದ್ದಿತ್ತು. ಬಂದವರ ಕೈಯಲ್ಲಿ ಕೆಲಸ ಮಾಡಿಸಬಾರದೆಂಬ ನಮ್ಮ ಹಳೆಯ ಹಟ ಊರಿಗೆ ಊರನ್ನೇ ಹಿತ್ತಿಲಿಗೆ ತಂದಿತ್ತು. ಒಬ್ಬರ ಮೇಲೊಬ್ಬರು ಬಿದ್ದು ಕಲಸಿದರು, ಹೊತ್ತರು, ಕಟ್ಟಿದರು. ಆರು ದಿನಕ್ಕೆ ಬಾಗಿಲೂ ಕೂತಿತು. ಅತಿಥಿಗಳ ಪಾಲಿಗೆ ಉಳಿದದ್ದು ರೊಟ್ಟಿ, ಶೇಂಗಾ ಚಟ್ನಿ ಮತ್ತು ನನ್ನ ಉಪನ್ಯಾಸ. ಆತಿಥ್ಯವೆಂದರೆ ಇದೇ ಎಂದು ನಾನು ಬೀಗುತ್ತಿದ್ದೆ.

ಏಳನೆಯ ದಿನ ಹ್ಯಾನಾ ನನ್ನೆದುರು ಬಂದು ನಿಂತಳು. ಕಣ್ಣು ತುಂಬಿತ್ತು. ಒಂದು ವರ್ಷ ಹೋಟೆಲಿನಲ್ಲಿ ಪಾತ್ರೆ ತೊಳೆದು ಈ ಪ್ರಯಾಣಕ್ಕೆ ಅಣಿಯಾಗಿದ್ದಳಂತೆ. ಈಗ ಕೈಗವಸಿಗೆ ಮಣ್ಣೂ ಅಂಟದೆ ಹಿಂತಿರುಗಬೇಕು. ಇಲ್ಲಿ ಯಾರಿಗೂ ತಾನು ಬೇಕಿರಲಿಲ್ಲ ಎಂದಳು. ನಾನು ಅವಳಿಗೆ ಮತ್ತೊಂದು ಚಹಾ ತರಿಸಿದೆ.

ಪಾತ್ರೆ ತಿಕ್ಕುತ್ತಿದ್ದ ಖಾತೂನಬಿ ಏನಾಯಿತೆಂದು ವಿಚಾರಿಸಿದಳು. ಹೇಳಿದೆ.

"ಆಕಿಗೆ ಹೇಳ್ರಿ ಸರ," ಎಂದಳು. "ಇಷ್ಟ ವರ್ಷ ನಿಮ್ಮ ಕಾಗದಕ್ಕ ಯಾರೂ ಏಳಲಿಲ್ಲ. ಆಕಿ ಬಂದು ಬುಟ್ಟಿ ಮುಟ್ಟಿದ್ಲು, ಊರೆಲ್ಲಾ ಎದ್ದು ಬಂತು. ಆಕಿ ಕೈ ಸ್ವಚ್ಛ ಉಳದ್ರೇನಾತು, ಊರಾವ್ರ ಕೈ ಹೊಲಸಾದುವಲ್ಲ. ನಮ್ಮ ಸಲ್ಮಾ ನಿನ್ನೆ ಸಂಜೀತನಕ ಸಾಲ್ಯಾಗ ಇದ್ಲರಿ."

ನನ್ನ ಅರ್ಜಿಗಳ ಮೇಲಿನ ಷರಾವನ್ನು ಬಿಟ್ಟು ಉಳಿದುದನ್ನೆಲ್ಲ ಅನುವಾದಿಸಿದೆ. ಹ್ಯಾನಾ ಅಳುತ್ತಲೇ ನಕ್ಕಳು. ಹೊರಡುವ ದಿನ ಮಾತ್ರ ಒಂದು ಪ್ರಶ್ನೆ ಕೇಳಿದಳು: ಇದನ್ನು ತೊಳೆಯುವವರು ಯಾರು? ಕಟ್ಟಲು ಮುಗಿಬಿದ್ದಿದ್ದ ಊರು ಆಕಾಶ ನೋಡಿತು. ತೊಳೆಯುವವರಿಲ್ಲದೆ ಬೀಗ ಬಿದ್ದ ಶೌಚಾಲಯಗಳನ್ನು ನಾವೆಲ್ಲ ಕಂಡವರೇ. ಇದಕ್ಕೂ ಬೀಗ ಬಿದ್ದರೆ ಸಲ್ಮಾ ಮತ್ತೆ ಮಧ್ಯಾಹ್ನವೇ ಮನೆ ಸೇರುತ್ತಾಳೆ. ಹ್ಯಾನಾ ಕೈಗವಸುಗಳನ್ನು ನನ್ನ ಕೈಗಿತ್ತಳು. ನೆನಪಿನ ಕಾಣಿಕೆಯೆಂದು ತಿಳಿದು ಗಾಜಿನ ಕಪಾಟಿನಲ್ಲಿಟ್ಟೆ. ಅವಳ ಮನಸ್ಸಿನಲ್ಲಿದ್ದುದು ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು. ಮೇಷ್ಟರುಗಳು ಸ್ವಲ್ಪ ನಿಧಾನ.

ಆ ಶನಿವಾರ ಮೊದಲ ಸಲ ಅವನ್ನು ತೊಟ್ಟು, ಪೊರಕೆ ಹಿಡಿದು ಶೌಚಾಲಯದೆದುರು ನಿಂತಾಗ ಬಸಪ್ಪನೇ ಓಡಿಬಂದ.

"ಬಿಡ್ರಿ ಸರ, ನೀವ್ ಮಾಡೂ ಕೆಲಸ ಅಲ್ಲ ಇದು."

"ನಾನೇನ್ ಈ ಊರಿಗೆ ಬಂದ ಬೀಗನೇನೋ?" ಎಂದೆ. ಅವನು ಕೊಡ ಎತ್ತಿಕೊಂಡು ನೀರಿಗೆ ಹೋದ. ಅಂದಿನಿಂದ ಶನಿವಾರದ ನೀರು ಅವನದು.

ಸಲ್ಮಾ ಈಗ ಏಳನೆಯ ತರಗತಿಯಲ್ಲಿದ್ದಾಳೆ, ಸಂಜೆಯ ಗಂಟೆಯವರೆಗೂ. ಆ ಎಂಟು ಮಕ್ಕಳಿಗೆ ನಾನು ಋಣಿ. ಈ ವಯಸ್ಸಿನಲ್ಲಿ ನನಗೆ ಕೈಗಳಿವೆಯೆಂದು ತೋರಿಸಿಕೊಟ್ಟರು. ಕೈಗವಸುಗಳು ಕಪಾಟಿನಿಂದ ಬಚ್ಚಲಿನ ಮೊಳೆಗೆ ಇಳಿದು ವರ್ಷವಾಯಿತು. ಬಣ್ಣ ಮಾಸಿದೆ, ಬಲಗೈಯ ಹೆಬ್ಬೆರಳು ಹರಿದಿದೆ. ಹೊಸದನ್ನು ಕೊಳ್ಳಿರಿ ಎನ್ನುತ್ತಾಳೆ ನನ್ನ ಹೆಂಡತಿ. ಅದಕ್ಕೆ ಮೊದಲು ಇವುಗಳದೊಂದು ಫೋಟೊ ತೆಗೆದು ಹ್ಯಾನಾಳಿಗೆ ಕಳಿಸಬೇಕು. ತನ್ನ ಕೈಗವಸು ಹರಿದಿದೆಯೆಂದು ತಿಳಿದರೆ ಆ ಹುಡುಗಿಗೆ ಎಷ್ಟು ಸಂತೋಷವಾದೀತು.